ಕಡಿಮೆ ಖರ್ಚಿನಲ್ಲಿ ಚಕ್ರದ ಬಾರ್ ಕೌಂಟರ್: ಯಾವುದು ಮೊದಲು, ಯಾವುದು ಆಮೇಲೆ

ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಬಾರ್ ಕೌಂಟರನ್ನು ತಾವೇ ಮಾಡಲು ಹೊರಟವರು ಹೆಚ್ಚಾಗಿ ಮೊದಲ ದಿನವೇ ಪ್ಲೈವುಡ್ ಕೊಯ್ದುಬಿಡುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ. ಪೆಟ್ಟಿಗೆ ಚೆಂದವಾಗಿ ನಿಂತ ಮೇಲೆ ನೋಡಿದರೆ ಐಸ್ ತೊಟ್ಟಿ ಅದರಲ್ಲಿ ಹಿಡಿಸುವುದಿಲ್ಲ. ಚಕ್ರ ಹಾಕಿದ ಮೇಲೆ ಕೌಂಟರ್ ಎದೆಮಟ್ಟಕ್ಕೆ ಏರುತ್ತದೆ. ಎಲ್ಲಾ ಮುಗಿಯಿತು ಅಂದುಕೊಂಡಾಗ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಬಿಚ್ಚಬೇಕು, ಮತ್ತೆ ಪ್ಲೈ ತರಬೇಕು. ಉಳಿಸಬೇಕು ಅಂದುಕೊಂಡ ದುಡ್ಡೆಲ್ಲ ಅಲ್ಲೇ ಖರ್ಚಾಗುತ್ತದೆ.

ಹಾಗಾಗಿ ಇಲ್ಲಿ ಮರ ಕೊಯ್ಯುವುದು ಐದನೇ ಹಂತ. ಅದಕ್ಕಿಂತ ಮುಂಚಿನ ನಾಲ್ಕು ಹಂತಗಳಲ್ಲಿ ಗರಗಸ ಮುಟ್ಟುವ ಹಾಗಿಲ್ಲ. ಬೇಸರ ಆಗಬಹುದು, ಆದರೂ ಹಾರಿಸಬೇಡಿ.

ಲೆಕ್ಕಕ್ಕೆ 4 ಅಡಿ ಉದ್ದದ ಕೌಂಟರನ್ನು ಇಟ್ಟುಕೊಂಡಿದ್ದೇನೆ. ಒಬ್ಬರು ಒಳಗೆ ನಿಂತು 30–40 ಜನಕ್ಕೆ ಕೊಡಲು ಇಷ್ಟು ಸಾಕು.

ಬೇಕಾದ ಉಪಕರಣಗಳು

ಅಳತೆ ಟೇಪು, ಮೂಲೆಮಟ್ಟ, ರಸಮಟ್ಟ, ಡ್ರಿಲ್, ಗರಗಸ ಅಥವಾ ಸರ್ಕ್ಯುಲರ್ ಸಾ, ತೂತು ಕೊಯ್ಯಲು ಜಿಗ್ ಸಾ, ನಾಲ್ಕು ಕ್ಲಾಂಪು, ಸ್ಯಾಂಡ್ ಪೇಪರ್. ಇವುಗಳಲ್ಲಿ ಬಾಡಿಗೆಗೆ ಸಿಗುವುದನ್ನು ಕೊಳ್ಳಬೇಡಿ. ಸರ್ಕ್ಯುಲರ್ ಸಾ ಬಳಸಿ ಅಭ್ಯಾಸ ಇಲ್ಲದಿದ್ದರೆ ಉದ್ದನೆಯ ಕೊಯ್ತಗಳನ್ನು ಪ್ಲೈ ಅಂಗಡಿಯ ಯಂತ್ರದಲ್ಲೇ ಮಾಡಿಸಿಕೊಳ್ಳಿ. ಕೊಯ್ತ ನೇರವಾಗಿ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಕನ್ನಡಕ, ಕಿವಿಮುಚ್ಚಳ, ದೂಳಿನ ಮಾಸ್ಕ್ ಕಡ್ಡಾಯ.

ಹಂತ 1: ಅದು ಎಲ್ಲೆಲ್ಲಿ ಓಡಾಡಬೇಕು?

ಮನೆಯೊಳಗೆ, ಅಂಗಳದಲ್ಲಿ ಮಾತ್ರ ಓಡಾಡುತ್ತದೋ, ಗಾಡಿಗೆ ಹತ್ತಿಸಿ ಬೇರೆ ಕಡೆಗೂ ಒಯ್ಯಬೇಕೋ? ಈ ಪ್ರಶ್ನೆಗೆ ಮೊದಲು ಉತ್ತರ ಬೇಕು. ಮನೆಯಲ್ಲೇ ಇರುವುದಾದರೆ ಅಂಟು, ಸ್ಕ್ರೂ ಹಾಕಿ ಒಂದೇ ಪೆಟ್ಟಿಗೆ ಮಾಡಬಹುದು. ಗಾಡಿಗೆ ಹತ್ತಬೇಕಾದರೆ ಬಿಚ್ಚಿ ಜೋಡಿಸುವ ಹಾಗಿರಬೇಕು. ಎರಡೂ ಇರಲಿ ಅಂತ ಹೊರಟರೆ ಯಾವುದೂ ನೆಟ್ಟಗಾಗುವುದಿಲ್ಲ.

ಟೇಪು ಹಿಡಿದು ದಾರಿಯುದ್ದಕ್ಕೂ ನಡೆಯಿರಿ. ಬಾಗಿಲಿನ ಚೌಕಟ್ಟನ್ನಲ್ಲ, ಬಾಗಿಲು ತೆರೆದಾಗ ಉಳಿಯುವ ಜಾಗವನ್ನು ಅಳೆಯಿರಿ. ತೆರೆದ ಬಾಗಿಲಿನ ದಪ್ಪವೂ ಹಿಡಿಕೆಯೂ ಎರಡು ಮೂರು ಇಂಚು ತಿಂದುಬಿಡುತ್ತವೆ. ಲಿಫ್ಟ್ ಇದ್ದರೆ ಅದರ ಒಳಗಿನ ಆಳ ನೋಡಿ. ಓಣಿಯ ತಿರುವಿನಲ್ಲಿ 4 ಅಡಿ ಉದ್ದದ್ದು ತಿರುಗುತ್ತದೆಯೇ? ನೆಲದ ಮೇಲೆ ರಟ್ಟಿನ ಹಾಳೆ ಇಟ್ಟು ತಿರುಗಿಸಿ ನೋಡಿ. ಹೊಸ್ತಿಲಿನ ಎತ್ತರವನ್ನೂ ಬರೆದಿಟ್ಟುಕೊಳ್ಳಿ, ಚಕ್ರ ಆರಿಸುವಾಗ ಬೇಕು.

ಇನ್ನೊಂದು ಮಾತು. ದುಡ್ಡು ತೆಗೆದುಕೊಂಡು ಮದ್ಯ ಕೊಡುವ ಯೋಚನೆ ಇದ್ದರೆ ಪರವಾನಗಿಯ ವಿಷಯವನ್ನು ಮರಕ್ಕೆ ದುಡ್ಡು ಹಾಕುವ ಮೊದಲೇ ವಿಚಾರಿಸಿ.

ಹಂತ 2: ಮೂರು ವಸ್ತು ಮೊದಲು ತನ್ನಿ

ಚಕ್ರ, ಐಸ್ ತೊಟ್ಟಿ, ನೀರಿನ ಕ್ಯಾನು. ಈ ಮೂರೂ ಕೈಗೆ ಬರುವ ತನಕ ಅಳತೆಯ ಚೀಟಿಯನ್ನೂ ಬರೆಯಬೇಡಿ. ಮರವನ್ನು ಹೇಗೆ ಬೇಕಾದರೂ ಕೊಯ್ಯಬಹುದು, ಆದರೆ ಇವುಗಳ ಅಳತೆ ಬದಲಾಗುವುದಿಲ್ಲ.

ಚಕ್ರಕ್ಕೆ ತೂಕದ ಲೆಕ್ಕ ಬೇಕು. 18 ಮಿ.ಮೀ. ಪ್ಲೈನ ಒಂದು ಪೂರ್ತಿ ಹಾಳೆಯೇ ಸುಮಾರು 30 ಕಿಲೋ. 12 ಮಿ.ಮೀ. ಹಾಳೆ ಸುಮಾರು 20. ಒಂದು ಕ್ಯಾನು ನೀರು 20 ಕಿಲೋ. 750 ಮಿ.ಲೀ. ಗಾಜಿನ ತುಂಬಿದ ಬಾಟಲಿ ಒಂದೂಕಾಲು ಕಿಲೋದ ಆಸುಪಾಸು, ಅಂದರೆ ಒಂದು ಡಜನ್‌ಗೆ 15 ಕಿಲೋ. ಐಸು, ಗ್ಲಾಸು ಸೇರಿ ಇನ್ನೊಂದು 25. ಒಟ್ಟು 110 ಕಿಲೋ ದಾಟುತ್ತದೆ.

ಇದನ್ನು ನಾಲ್ಕರಿಂದ ಭಾಗಿಸಬೇಡಿ, ಮೂರರಿಂದ ಭಾಗಿಸಿ. ನೆಲ ಸ್ವಲ್ಪ ಏರುಪೇರಾಗಿದ್ದರೂ ಒಂದು ಚಕ್ರ ಗಾಳಿಯಲ್ಲಿರುತ್ತದೆ, ಭಾರ ಹೊರುವುದು ಮೂರೇ. ಒಂದೊಂದಕ್ಕೆ 40 ಕಿಲೋ ಬಂತು. ಹೊಸ್ತಿಲಿನ ಹೊಡೆತ, ಕೌಂಟರಿಗೆ ಒರಗುವವರ ಭಾರ ಎಲ್ಲ ಸೇರಿಸಿ, ಒಂದೊಂದೂ ಕನಿಷ್ಠ 70 ಕಿಲೋ ತಾಳುವ ಚಕ್ರ ತನ್ನಿ.

ಚಕ್ರದ ವ್ಯಾಸ 4 ಇಂಚಿಗಿಂತ ಕಡಿಮೆ ಬೇಡ. ಕಲ್ಲು, ಹುಲ್ಲು ಇದ್ದ ಕಡೆ 5 ಇಂಚು ಇರಲಿ. ಎರಡು ಇಂಚಿನ ಪುಟಾಣಿ ಚಕ್ರ ಅಗ್ಗ, ನಿಜ. ಆದರೆ ಟೈಲ್ಸಿನ ಸಂದಿನಲ್ಲೇ ಅದು ಮುಗ್ಗರಿಸುತ್ತದೆ. ಚಕ್ರ ಮುಗ್ಗರಿಸಿದರೆ ಮೇಲಿನ ಬಾಟಲಿಗಳೂ ಮುಗ್ಗರಿಸುತ್ತವೆ. ನಾಲ್ಕೂ ತಿರುಗುವ ಚಕ್ರವಾಗಿರಲಿ, ಅದರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ. ಉರುಳುವುದನ್ನು ಮಾತ್ರ ತಡೆಯುವ ಬ್ರೇಕ್ ಸಾಲದು. ತಿರುಗುವುದನ್ನೂ ಹಿಡಿಯುವ ಬ್ರೇಕ್ ಕೇಳಿ ತನ್ನಿ.

ಐಸ್ ತೊಟ್ಟಿಗೆ ಅಂಚು ಇರುವ ಸ್ಟೀಲ್ ಟ್ರೇ ಸಾಕು. ಹೋಟೆಲಿನವರು ಬಳಸುವ ದೊಡ್ಡ ಟ್ರೇ 530 x 325 ಮಿ.ಮೀ. ಇರುತ್ತದೆ. 150 ಮಿ.ಮೀ. ಆಳದ್ದಕ್ಕೆ ಸುಮಾರು 20 ಲೀಟರ್ ಜಾಗ. ತುಂಡು ಐಸ್ ಸಡಿಲವಾಗಿ ಕೂರುವುದರಿಂದ ಹತ್ತು ಕಿಲೋ ಮೇಲೆ ಸ್ವಲ್ಪ ಹಿಡಿಸುತ್ತದೆ. ಒಬ್ಬರಿಗೆ ಅರ್ಧದಿಂದ ಮುಕ್ಕಾಲು ಕಿಲೋ ಐಸ್ ಅಂತ ಲೆಕ್ಕ ಹಾಕಿ. ಟ್ರೇಯಲ್ಲಿ ಹಿಡಿಸದ್ದು ಮಾಮೂಲಿ ಐಸ್ ಬಾಕ್ಸಿನಲ್ಲಿರಲಿ. ಬಾಟಲಿ ತಣ್ಣಗೆ ಮಾಡುವ ಐಸೇ ಬೇರೆ, ಗ್ಲಾಸಿಗೆ ಹಾಕುವ ಐಸೇ ಬೇರೆ. ಒಂದೇ ತೊಟ್ಟಿಯಲ್ಲಿ ಎರಡನ್ನೂ ಬೆರೆಸಬಾರದು.

ಕ್ಯಾನು ಎರಡು ಬೇಕು. ಒಂದು ಒಳ್ಳೆಯ ನೀರಿಗೆ, ಇನ್ನೊಂದು ಕೊಳೆ ನೀರಿಗೆ. ಕೊಳೆ ನೀರಿನದ್ದು ಸ್ವಲ್ಪ ದೊಡ್ಡದಿರಲಿ, ಕರಗಿದ ಐಸೂ ಅದಕ್ಕೇ ಬಂದು ಸೇರುತ್ತದೆ.

ಹಂತ 3: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಚಕ್ರ, ಮೇಲ್ಹಲಗೆ, ಬೋಲ್ಟು. ಈ ಮೂರರಲ್ಲಿ ಜಿಪುಣತನ ಮಾಡಬೇಡಿ. ಉಳಿದದ್ದರಲ್ಲಿ ಧಾರಾಳವಾಗಿ ಮಾಡಿ.

ಮುಂಭಾಗದ ಅಲಂಕಾರಕ್ಕೆ ಹಳೆಯ ಪ್ಯಾಲೆಟ್ (ಸರಕು ಪೇರಿಸಿಡುವ ಮರದ ಅಡಿಹಲಗೆ) ಬಿಚ್ಚಿದ ಹಲಗೆ ಚೆನ್ನಾಗಿ ಒಪ್ಪುತ್ತದೆ. ತರುವ ಮೊದಲು ಅದರ ಮೇಲಿನ ಮುದ್ರೆ ನೋಡಿ. ‘ಎಚ್‌ಟಿ’ (HT) ಅಂತಿದ್ದರೆ ಬಿಸಿಯಿಂದ ಹುಳು ಕೊಂದ ಮರ, ಬಳಸಬಹುದು. ‘ಎಂಬಿ’ (MB) ಅಂತಿದ್ದರೆ ಮೀಥೈಲ್ ಬ್ರೊಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಮುಟ್ಟಬೇಡಿ. ಮುದ್ರೆಯೇ ಇಲ್ಲದ್ದು, ಎಣ್ಣೆ ಕಲೆ ಇರುವುದು ಕೂಡ ಬೇಡ.

ಪಾರ್ಟಿಕಲ್ ಬೋರ್ಡ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಒಮ್ಮೆ ನೀರು ಕುಡಿದರೆ ಉಬ್ಬುತ್ತದೆ, ಆಮೇಲೆ ಇಳಿಯುವುದಿಲ್ಲ. ಬಾರ್ ಕೌಂಟರ್ ಅಂದರೆ ಹೊತ್ತು ಹೊತ್ತಿಗೂ ನೀರು ಚೆಲ್ಲುವ ಜಾಗ ಅಲ್ವಾ? ನೀರು ತಾಳುವ ಪ್ಲೈ ಬೇಕೇ ಬೇಕು.

ಹಂತ 4: ಅಳತೆಯ ಚೀಟಿ

ಎರಡು ಎತ್ತರಗಳು ನೆನಪಿರಲಿ. ಒಳಗೆ ನಿಂತು ಕೆಲಸ ಮಾಡುವವರಿಗೆ ಹಲಗೆ ನೆಲದಿಂದ 36 ಇಂಚು. ಅತಿಥಿಗಳು ಮೊಣಕೈ ಊರಿ ನಿಲ್ಲುವ ಹಲಗೆ 42 ಇಂಚು. ಎರಡನ್ನೂ ಒಂದೇ ಮಟ್ಟಕ್ಕೆ ತಂದರೆ ಒಂದೋ ನಿಮ್ಮ ಸೊಂಟ ಬೀಳುತ್ತದೆ, ಇಲ್ಲವೇ ಅವರು ಬಗ್ಗಿ ನಿಲ್ಲಬೇಕಾಗುತ್ತದೆ. ಈ ಆರು ಇಂಚಿನ ಗೋಡೆ ಬಾಟಲಿ, ನಿಂಬೆ ಸಿಪ್ಪೆಯ ಗಲೀಜನ್ನೂ ಮರೆಮಾಡುತ್ತದೆ.

4 ಇಂಚಿನ ಚಕ್ರ ತಟ್ಟೆಯೂ ಸೇರಿ ಸುಮಾರು 5 ಇಂಚು ಎತ್ತರ ಬರುತ್ತದೆ. ನೀವು ತಂದಿದ್ದನ್ನು ಅಳೆದು, ವ್ಯತ್ಯಾಸ ಬಂದರೆ ಪಕ್ಕದ ಹಲಗೆಯ ಎತ್ತರದಲ್ಲಿ ಹೊಂದಿಸಿಕೊಳ್ಳಿ.

8 x 4 ಅಡಿಯ 18 ಮಿ.ಮೀ. ಹಾಳೆ ಒಂದರಲ್ಲಿ:
- ಕೆಲಸದ ಮೇಲ್ಹಲಗೆ: 48 x 24 ಇಂಚು
- ತಳ: 44 x 22 ಇಂಚು
- ಪಕ್ಕದ ಹಲಗೆ ಎರಡು: 29½ x 22 ಇಂಚು
- ಅತಿಥಿ ಹಲಗೆ: 48 x 10 ಇಂಚು
- ಉಳಿಯುವ ಪಟ್ಟಿಯಲ್ಲಿ ತ್ರಿಕೋನದ ಆಧಾರಗಳು

12 ಮಿ.ಮೀ. ಹಾಳೆಯಲ್ಲಿ:
- ಮುಂಭಾಗ: 44 x 36¼ ಇಂಚು
- ಒಳಗಿನ ಅಟ್ಟ: 16 ಇಂಚು ಅಗಲ. ಇದರ ಉದ್ದವನ್ನು ಪೆಟ್ಟಿಗೆ ನಿಂತ ಮೇಲೆ ಅಳೆದೇ ಕೊಯ್ಯಿರಿ.

ಗರಗಸ ಪ್ರತಿ ಕೊಯ್ತಕ್ಕೂ ಸುಮಾರು 3 ಮಿ.ಮೀ. ತಿನ್ನುತ್ತದೆ. ಎಲ್ಲ ಗೆರೆಗಳನ್ನೂ ಒಟ್ಟಿಗೆ ಎಳೆದು ಕೊಯ್ದರೆ ಕೊನೆಯ ತುಂಡು ಗಿಡ್ಡವಾಗುತ್ತದೆ. ಒಂದು ಕೊಯ್ಯಿರಿ, ಮತ್ತೆ ಅಳೆಯಿರಿ, ಮುಂದಿನ ಗೆರೆ ಆಮೇಲೆ ಎಳೆಯಿರಿ.

ಹಂತ 5: ಈಗ ಗರಗಸ

ಸರ್ಕ್ಯುಲರ್ ಸಾ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತದೆ. ಹಾಗಾಗಿ ಚೆಂದದ ಮುಖ ಕೆಳಗಿರಲಿ. ಕೈಗರಗಸಕ್ಕೆ ಇದು ಉಲ್ಟಾ, ಚೆಂದದ ಮುಖ ಮೇಲೆ. ಗೆರೆಯ ಮೇಲೆ ಕಾಗದದ ಟೇಪು ಅಂಟಿಸಿ ಕೊಯ್ದರೆ ಸಿಬಿರು ಏಳುವುದು ಕಡಿಮೆ.

ಎರಡು ಪಕ್ಕದ ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. 2 ಮಿ.ಮೀ. ವ್ಯತ್ಯಾಸ ಇದ್ದರೂ ಈಗಲೇ ಸರಿ ಮಾಡಿ. ಇಲ್ಲದಿದ್ದರೆ ಮೇಲ್ಹಲಗೆ ಕುಣಿಯುತ್ತದೆ, ನೀವು ಚಕ್ರವನ್ನು ಬೈಯುತ್ತೀರಿ.

ಹಂತ 6: ಪೆಟ್ಟಿಗೆ ನಿಲ್ಲಿಸುವುದು

ಮೊದಲು ತಳ, ಅದರ ಎರಡು ತುದಿಗಳ ಮೇಲೆ ಪಕ್ಕದ ಹಲಗೆಗಳು, ಆಮೇಲೆ ಮುಂಭಾಗ. ಅಟ್ಟ ಕೊನೆಗೆ. ಕ್ಲಾಂಪು ಹಾಕಿ ಒಮ್ಮೆ ಅಂಟಿಲ್ಲದೆ ನಿಲ್ಲಿಸಿ ನೋಡಿ.

ಪ್ಲೈ ಅಂಚಿಗೆ ನೇರವಾಗಿ ಸ್ಕ್ರೂ ಬಿಟ್ಟರೆ ಪದರ ಬಿಟ್ಟುಕೊಳ್ಳುತ್ತದೆ. 4 ಮಿ.ಮೀ. ಸ್ಕ್ರೂಗೆ ಮೊದಲು 3 ಮಿ.ಮೀ. ತೂತು ಕೊರೆಯಿರಿ. 40 ಮಿ.ಮೀ. ಉದ್ದದ ಸ್ಕ್ರೂ, 6 ಇಂಚಿಗೊಂದು. ಜೊತೆಗೆ ನೀರು ತಾಳುವ ಮರದ ಅಂಟು. ಅಂಟು ಹಸಿಯಿರುವಾಗಲೇ ಪೆಟ್ಟಿಗೆಯ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಸಮ ಇದ್ದರೆ ಮೂಲೆ ಸರಿ. ಇಲ್ಲದಿದ್ದರೆ ಉದ್ದವಿರುವ ಕರ್ಣದ ಮೂಲೆಗಳನ್ನು ಕ್ಲಾಂಪಿನಿಂದ ಒತ್ತಿ ಸರಿ ಮಾಡಿ. ಅಂಟು ಒಣಗಿದ ಮೇಲೆ ಏನೂ ಮಾಡಲು ಬರುವುದಿಲ್ಲ.

ಮುಂಭಾಗದ ಪ್ಲೈ ಬರೀ ಅಲಂಕಾರಕ್ಕಲ್ಲ. ಹಿಂಭಾಗ ತೆರೆದಿರುವ ಈ ಪೆಟ್ಟಿಗೆ ಎಡಕ್ಕೆ ಬಲಕ್ಕೆ ಓಲಾಡದಂತೆ ಹಿಡಿಯುವುದು ಅದೊಂದೇ. ಅದರ ಬದಲು ಪ್ಯಾಲೆಟ್ ಪಟ್ಟಿಗಳನ್ನಷ್ಟೇ ಹೊಡೆದರೆ ಕೌಂಟರ್ ತೂಗಾಡುವುದು ಖಂಡಿತ. ಪಟ್ಟಿ ಬೇಕಿದ್ದರೆ ಪ್ಲೈ ಮೇಲೆ ಹೊಡೆಯಿರಿ.

ಬಿಚ್ಚಿ ಜೋಡಿಸುವ ಕೌಂಟರಾದರೆ ಇಲ್ಲಿ ಅಂಟು ಬೇಡ. 6 ಮಿ.ಮೀ. ಬೋಲ್ಟು, ಟಿ-ನಟ್ಟು (ಮರದೊಳಗೆ ಹಲ್ಲೂರಿ ಕೂರುವ ನಟ್ಟು) ಬಳಸಿ. ಬೋಲ್ಟು ಹಿಡಿಯಲು ಮೂಲೆಗಳಲ್ಲಿ ಮರದ ಪಟ್ಟಿ ಬೇಕು. ಆ ಪಟ್ಟಿಗಳನ್ನು ಮಾತ್ರ ಒಂದು ಬದಿಗೆ ಅಂಟಿಸಿ. ಪ್ರತಿ ಜೋಡಣೆಯ ಎರಡೂ ಕಡೆ ಒಂದೇ ನಂಬರ್ ಬರೆಯಿರಿ. ರಾತ್ರಿ ಕತ್ತಲಲ್ಲಿ ಬಿಚ್ಚಿದ್ದನ್ನು ಮರುದಿನ ಜೋಡಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ಹಂತ 7: ಚಕ್ರ ಕೂರಿಸುವುದು

ಮೇಲ್ಹಲಗೆ ಹಾಕುವ ಮೊದಲೇ ಪೆಟ್ಟಿಗೆ ಮಗುಚಿ ಚಕ್ರ ಹಾಕಿ. ತಳದ ಅಡಿಭಾಗಕ್ಕೂ ಅಂಚುಗಳಿಗೂ ಎರಡು ಕೋಟ್ ವಾರ್ನಿಷ್ ಹೊಡೆಯುವುದು ಅದಕ್ಕೂ ಮೊದಲು. ಅಲ್ಲಿ ಆಮೇಲೆ ಬ್ರಷ್ ಹೋಗುವುದಿಲ್ಲ.

ಚಕ್ರಕ್ಕೆ ಸ್ಕ್ರೂ ಬೇಡ, ಬೋಲ್ಟು ಹಾಕಿ. ಒಳಗಡೆ ಮೂಲೆಯಲ್ಲಿ ಪ್ಲೈ ತುಂಡೊಂದನ್ನು ಅಂಟಿಸಿ ದಪ್ಪ ಮಾಡಿ, ಅದರ ಮೂಲಕ ಬೋಲ್ಟು ತೂರಿಸಿ, ಅಗಲದ ವಾಷರ್, ಸಡಿಲಾಗದ ನಟ್ಟು. ಚಕ್ರ ಆದಷ್ಟು ಮೂಲೆಗೆ ಇರಲಿ, ಆದರೆ ಸುತ್ತ ತಿರುಗುವಾಗ ಎಲ್ಲೂ ತಾಗಬಾರದು. ಬ್ರೇಕ್ ಇರುವ ಎರಡು ಚಕ್ರ ನೀವು ನಿಲ್ಲುವ ಕಡೆಗೆ.

ಇಲ್ಲೊಂದು ಸೂಕ್ಷ್ಮ ಇದೆ, ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ತಿರುಗುವ ಚಕ್ರ ನೆಲ ಮುಟ್ಟುವುದು ತನ್ನ ಬೋಲ್ಟಿನ ನೇರ ಕೆಳಗಲ್ಲ, ಸ್ವಲ್ಪ ಪಕ್ಕಕ್ಕೆ. ಅತಿಥಿಗಳ ಕಡೆಯ ಚಕ್ರಗಳು ಒಳಮುಖವಾಗಿ ತಿರುಗಿ ನಿಂತರೆ ಆ ಕಡೆ ಆಧಾರ ಒಂದೊಂದೂವರೆ ಇಂಚು ಕಡಿಮೆಯಾಗುತ್ತದೆ. ಜನ ಒರಗುವುದೂ ಅದೇ ಕಡೆ! ಆದ್ದರಿಂದ ಜಾಗಕ್ಕೆ ತಂದು ನಿಲ್ಲಿಸುವಾಗ ಕೊನೆಯ ಸಲ ಕೌಂಟರನ್ನು ಅರ್ಧ ಅಡಿ ನಿಮ್ಮ ಕಡೆಗೆ ಎಳೆಯಿರಿ. ಚಕ್ರಗಳು ತಾವೇ ಅತಿಥಿಗಳ ಕಡೆ ತಿರುಗಿಕೊಳ್ಳುತ್ತವೆ. ಆಮೇಲೆ ಬ್ರೇಕ್ ಹಾಕಿ.

ಹಂತ 8: ಮೇಲ್ಹಲಗೆ ಮತ್ತು ಐಸ್ ತೊಟ್ಟಿ

ಈ ಹಂತದೊಳಗಿನ ಕ್ರಮ ಹೀಗೆ: ಮೈಕಾ ಅಂಟಿಸಿ, ತೂತು ಕೊಯ್ಯಿರಿ, ಅಂಚಿಗೆ ವಾರ್ನಿಷ್ ಕುಡಿಸಿ, ಆಮೇಲೆ ಹಲಗೆ ಕೂರಿಸಿ.

ಮೇಲ್ಮೈಗೆ ಮೈಕಾ ಶೀಟೇ ಅಗ್ಗ ಮತ್ತು ಗಟ್ಟಿ. ಮರದ ಬಣ್ಣವೇ ಕಾಣಬೇಕು ಅನ್ನುವವರು ಪಾಲಿಯುರೆಥೇನ್ ವಾರ್ನಿಷ್ ಹೊಡೆಯಿರಿ. ಕನಿಷ್ಠ ಮೂರು ಕೋಟ್, ನಡುನಡುವೆ 220 ನಂಬರಿನ ಸ್ಯಾಂಡ್ ಪೇಪರ್. ಮುಟ್ಟಿದರೆ ಒಂದು ದಿನಕ್ಕೇ ಒಣಗಿದ ಹಾಗೆ ಕಾಣುತ್ತದೆ. ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಸಮಾರಂಭದ ಹಿಂದಿನ ದಿನ ವಾರ್ನಿಷ್ ಹೊಡೆದರೆ ಗ್ಲಾಸಿನ ಅಚ್ಚು ಬೀಳುತ್ತದೆ.

ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್, ಇಲ್ಲಿ ಬೇಡವೇ ಬೇಡ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ವಿಸ್ಕಿ ಚೆಲ್ಲಿದ ಜಾಗ ಮೊದಲು ಅಂಟಂಟಾಗುತ್ತದೆ, ಆಮೇಲೆ ಬೆಳ್ಳಗಾಗುತ್ತದೆ. ಬೇರೆ ಪೀಠೋಪಕರಣಕ್ಕೆ ಅದು ಎಷ್ಟೇ ಚೆಂದ ಇರಲಿ, ಬಾರಿಗೆ ಸಲ್ಲದು.

ತೊಟ್ಟಿಯ ತೂತನ್ನು ಟ್ರೇಯ ಅಂಚು ಹಿಡಿದು ಗೆರೆ ಹಾಕಬೇಡಿ, ಟ್ರೇ ಒಳಗೇ ಬಿದ್ದುಹೋಗುತ್ತದೆ. ಅಂಚಿನ ಕೆಳಗಿನ ಮೈಯನ್ನು ಅಳೆದು ಸುತ್ತ 2–3 ಮಿ.ಮೀ. ಬಿಡಿ. ಹಲಗೆಯ ಅಂಚಿನಿಂದ ತೂತಿಗೆ ಕನಿಷ್ಠ 4 ಇಂಚು ಮರ ಉಳಿಯಲಿ. ತೂತಿನ ಮೂಲೆಗಳನ್ನು ದುಂಡಗೆ ಕೊಯ್ಯಿರಿ. ಚೂಪು ಮೂಲೆಯಿಂದ ಮೈಕಾ ಸೀಳುತ್ತದೆ.

ಕೊಯ್ದ ಅಂಚಿಗೆ ಮೂರು ಸಲ ವಾರ್ನಿಷ್ ಕುಡಿಸಿ. ಇಂತಹ ಕೌಂಟರ್ ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ. ಮೇಲ್ಮೈ ಫಳಫಳ ಹೊಳೆಯುತ್ತಿರುತ್ತದೆ, ಕೆಳಗೆ ತೂತಿನ ಅಂಚು ನೀರು ಕುಡಿದು ಉಬ್ಬುತ್ತಿರುತ್ತದೆ. ಟ್ರೇ ಕೂರಿಸುವಾಗ ಅಂಚಿನ ಕೆಳಗೆ ಸಿಲಿಕೋನ್ ಎಳೆಯಿರಿ. ಟ್ರೇಯ ಹೊರಮೈಗೆ ಒಂದು ಇಂಚು ಥರ್ಮೊಕೋಲ್ ಸುತ್ತಿ. ಇಲ್ಲದಿದ್ದರೆ ಹೊರಗೆಲ್ಲ ಬೆವರಿ ಅಟ್ಟದ ಮೇಲೆ ಹನಿ ಬೀಳುತ್ತದೆ.

ಮೇಲ್ಹಲಗೆ ಪೆಟ್ಟಿಗೆಯ ಮೇಲೆ ಕೂತು ಮುಂಭಾಗದ ಪ್ಲೈಗೆ ತಾಗಿ ನಿಲ್ಲಬೇಕು. ನಿಮ್ಮ ಕಡೆಗೂ ಎರಡು ಪಕ್ಕಕ್ಕೂ ಎರಡೆರಡು ಇಂಚು ಹೊರಗೆ ಬರುತ್ತದೆ. ಸ್ಕ್ರೂಗಳನ್ನು ಕೆಳಗಿನಿಂದ ಎಲ್ ಕ್ಲಾಂಪು (ಎಲ್ ಆಕಾರದ ಲೋಹದ ಪಟ್ಟಿ) ಮೂಲಕ ಹಾಕಿ. ಮೇಲಿನಿಂದ ಹಾಕಿದ ಒಂದೊಂದು ಸ್ಕ್ರೂ ನೀರು ಇಳಿಯುವ ಒಂದೊಂದು ದಾರಿ.

ಹಂತ 9: ಅತಿಥಿ ಹಲಗೆ ಮತ್ತು ಬಾಟಲಿ ಸಾಲು

ಮುಂಭಾಗದ ಪ್ಲೈ ಮೇಲ್ಹಲಗೆಗಿಂತ ಐದೂಕಾಲು ಇಂಚು ಮೇಲೆ ಬಂದಿರುತ್ತದೆ. ಅತಿಥಿ ಹಲಗೆ ಅದರ ತಲೆಯ ಮೇಲೆ ಕೂರುತ್ತದೆ. 7 ಇಂಚು ಹೊರಗೆ, ಉಳಿದದ್ದು ಒಳಗೆ. 12 ಮಿ.ಮೀ. ಪ್ಲೈ ಒಂದೇ ಆ ಭಾರ ಹೊರುವುದಿಲ್ಲ. ಒಳಗಡೆ ಮೂರು, ಹೊರಗಡೆ ಮೂರು ತ್ರಿಕೋನದ ಆಧಾರ ಕೊಡಿ. ಹೊರ ಅಂಚಿನ ಮೂಲೆಗಳನ್ನು ದುಂಡಗೆ ಉಜ್ಜಿ.

ಬಾಟಲಿ ಸಾಲು ನಿಮ್ಮ ಕಡೆ, ಮೇಲ್ಹಲಗೆಗಿಂತ ಒಂದು ಅಡಿ ಕೆಳಗೆ. ಒಂದು ಬಾಟಲಿಗೆ 4 ಇಂಚು ಅಗಲ ಲೆಕ್ಕ, ಮುಂದೆ 3 ಇಂಚಿನ ತಡೆಪಟ್ಟಿ. ತಳಕ್ಕೆ ರಬ್ಬರ್ ಶೀಟು ಹಾಕಿ. ಭಾರದ್ದೆಲ್ಲ ಕೆಳಗೆ, ನಿಮ್ಮ ಬದಿಗೆ: ಕ್ಯಾನು, ಐಸ್ ಬಾಕ್ಸು, ಹೆಚ್ಚಿನ ಬಾಟಲಿ.

ಹಂತ 10: ನೀರು, ಬೆಳಕು

ಕ್ಯಾನಿನ ಬಾಯಿಗೆ ಹಾಕುವ ಚಾರ್ಜಿಂಗ್ ಪಂಪು ಸಾಕು. ಸಿಂಕು, ನಲ್ಲಿ ಅಂತ ಹೊರಟರೆ ಖರ್ಚು, ಸೋರಿಕೆ ಎರಡೂ ಜಾಸ್ತಿ. ಟ್ರೇಯ ತಳಕ್ಕೆ ನೀರು ಬಸಿಯುವ ತೂತು ಕೊರೆದು ಕೊಳವೆ ಹಾಕುವುದಾದರೆ ಕೊಳವೆ ಎಲ್ಲೂ ಮೇಲೇರದೆ ಕ್ಯಾನಿಗೆ ಇಳಿಯಬೇಕು. ನಡುವೆ ಜೋತುಬಿದ್ದರೆ ಅಲ್ಲಿ ಕೊಳೆ ನೀರು ನಿಂತು ವಾಸನೆ ಹೊಡೆಯುತ್ತದೆ.

ಬೆಳಕಿಗೆ ಪವರ್ ಬ್ಯಾಂಕಿನಿಂದ ಉರಿಯುವ ಎಲ್‌ಇಡಿ ಪಟ್ಟಿ ಹಾಕಿ. ನೀರು ಚೆಲ್ಲುವ ಜಾಗಕ್ಕೆ ಮನೆಯ ಕರೆಂಟ್ ವೈರ್ ಎಳೆಯಬೇಡಿ.

ಹಂತ 11: ಜನರ ಮುಂದೆ ತರುವ ಮೊದಲು

ಗಾಜಿನ ಬಾಟಲಿ ಇಡುವ ಮೊದಲು ಅಷ್ಟೇ ತೂಕದ ನೀರಿನ ಕ್ಯಾನುಗಳನ್ನು ಇಟ್ಟು ತಳ್ಳಿ. ಹೊಸ್ತಿಲು ದಾಟಿಸಿ, ಇಳಿಜಾರಿನಲ್ಲಿ ಬ್ರೇಕ್ ಹಾಕಿ ನೋಡಿ. ಒಬ್ಬರು ಅತಿಥಿ ಹಲಗೆಗೆ ಎರಡು ಮೊಣಕೈ ಊರಿ ಪೂರ್ತಿ ಭಾರ ಬಿಡಲಿ, ಇನ್ನೊಬ್ಬರು ಹಿಂದಿನ ಚಕ್ರಗಳ ಮೇಲೆ ಕಣ್ಣಿಡಲಿ. ಹಿಂದಿನ ಚಕ್ರ ಎದ್ದರೆ ಅತಿಥಿ ಹಲಗೆಯನ್ನು ಎರಡು ಇಂಚು ಒಳಕ್ಕೆ ಸರಿಸಿ, ಅಥವಾ ತಳದಲ್ಲಿ ನಿಮ್ಮ ಬದಿಗೆ ಭಾರ ಸೇರಿಸಿ. ತೊಟ್ಟಿಗೆ ಐಸ್ ತುಂಬಿ ಮೂರು ಗಂಟೆ ಬಿಡಿ. ತಳಕ್ಕೆ ಒಣ ಕಾಗದ ಹಾಸಿದ್ದರೆ ಎಲ್ಲಿ ಸೋರುತ್ತಿದೆ ಅಂತ ಅದೇ ತೋರಿಸುತ್ತದೆ.

ಬಳಸಲು ಶುರು ಮಾಡಿದ ಮೇಲೆ ಗಮನಿಸಬೇಕಾದ್ದು

ತಳ್ಳುವಾಗ ಕಿರ್ ಅನ್ನುವ ಸದ್ದು ಬಂದರೆ ಬೋಲ್ಟು ಸಡಿಲಾಗಿರಬಹುದು. ಎಣ್ಣೆ ಬಿಡುವ ಮೊದಲು ಬಿಗಿ ಮಾಡಿ. ಕೌಂಟರ್ ಎಡ ಬಲ ಓಲಾಡಿದರೆ ಮುಂಭಾಗದ ಪ್ಲೈನ ಸ್ಕ್ರೂ ನೋಡಿ. ತೊಟ್ಟಿಯ ಸುತ್ತ ಮೈಕಾ ಬೆರಳಿಗೆ ಉಬ್ಬಿದ ಹಾಗೆ ಸಿಕ್ಕರೆ ನೀರು ಇಳಿದಿದೆ ಎಂದು ಅರ್ಥ. ಆಗ ಸಿಲಿಕೋನ್ ಕಿತ್ತು, ಟ್ರೇ ಎತ್ತಿ, ಪೂರ್ತಿ ಒಣಗಿದ ಮೇಲಷ್ಟೇ ಮತ್ತೆ ವಾರ್ನಿಷ್ ಮಾಡಿ. ಹಸಿ ಮರದ ಮೇಲೆ ಹೊಡೆದರೆ ನೀರನ್ನು ಒಳಗೇ ಕೂಡಿಹಾಕಿದಂತೆ.

ಐಸನ್ನು ಗ್ಲಾಸಿನಿಂದ ತೋಡಬೇಡಿ. ಗ್ಲಾಸು ಒಡೆದರೆ ಚೂರು ಐಸಿನಲ್ಲಿ ಕಾಣುವುದಿಲ್ಲ, ತೊಟ್ಟಿಯ ಐಸನ್ನೆಲ್ಲ ಚೆಲ್ಲಬೇಕಾಗುತ್ತದೆ. ಒಂದು ಸ್ಟೀಲ್ ಸ್ಕೂಪನ್ನು ತೊಟ್ಟಿಯ ಪಕ್ಕ ದಾರ ಕಟ್ಟಿ ನೇತುಹಾಕಿ. ಕೆಲಸ ಮುಗಿದ ರಾತ್ರಿಯೇ ಟ್ರೇ, ಕ್ಯಾನು, ಕೊಳವೆ ಖಾಲಿ ಮಾಡಿ ತೊಳೆದು, ಕೌಂಟರನ್ನು ಮುಚ್ಚದೆ ಗಾಳಿಗೆ ಬಿಡಿ. ಹೊದಿಕೆ ಹಾಕುವುದು ಮರುದಿನ.